ಎರಡು ತುಂಬದ ಮಗುವಿಗೆ ವಿಮಾನದಲ್ಲಿ ಪ್ರತ್ಯೇಕ ಸೀಟು ಬೇಕೇ? ಹಂತ ಹಂತವಾಗಿ ತೀರ್ಮಾನಿಸುವ ಬಗೆ

ರೈಲಿನಲ್ಲಿ ಐದು ವರ್ಷ ತುಂಬುವವರೆಗೆ ಮಗುವಿಗೆ ಟಿಕೆಟ್ಟೇ ಬೇಕಿಲ್ಲ. ವಿಮಾನದಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ಅವಕಾಶ ಎರಡು ವರ್ಷಕ್ಕೇ ಬಂದು ನಿಲ್ಲುತ್ತದೆ. ಎರಡು ತುಂಬಿದ ಮಗುವಿಗೆ ಸೀಟು ಕಡ್ಡಾಯ. ಆರು ತಿಂಗಳ ಕೂಸು ಹೇಗೂ ತಾಯಿಯ ಮಡಿಲು ಬಿಟ್ಟಿರುವುದಿಲ್ಲ. ಕಷ್ಟವಿರುವುದು ನಡುವಿನವರದು: ನಡೆಯಲು ಕಲಿತು, ಹತ್ತು ಕಿಲೋ ದಾಟಿ, ಕೂತಲ್ಲಿ ಕೂರದ ಮಗು ನಿಯಮದ ಲೆಕ್ಕದಲ್ಲಿ ಇನ್ನೂ ಮಡಿಲ ಕೂಸೇ. ಅಂಥ ಮಗುವನ್ನು ಕರೆದುಕೊಂಡು ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೊರಡುವ ತಂದೆತಾಯಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ರಾತ್ರಿಯ ನಿದ್ದೆ ವಿಮಾನದಲ್ಲೇ ಆಗಬೇಕಾದ ದೂರದ ಪ್ರಯಾಣಕ್ಕೆ, ಮಗು ನಡೆಯುವಂತಾಗಿದ್ದರೆ, ಸೀಟು ಕೊಳ್ಳಿ. ದೊಡ್ಡವರು ಒಬ್ಬರೇ ಹೋಗುತ್ತಿದ್ದರೆ ಬೇರೆ ಖರ್ಚನ್ನು ಕಡಿಮೆ ಮಾಡಿಯಾದರೂ ಕೊಳ್ಳಿ. ಹುಬ್ಬಳ್ಳಿಗೋ ಮಂಗಳೂರಿಗೋ ಒಂದು ಗಂಟೆಯಲ್ಲಿ ಹೋಗಿ ಇಳಿಯುವುದಾದರೆ, ಇಬ್ಬರು ದೊಡ್ಡವರಿದ್ದರೆ, ಮಡಿಲು ಸಾಕು. ಈ ಮೂರರ ನಡುವೆ ಬೀಳುವ ಪ್ರಯಾಣಗಳೇ ಹೆಚ್ಚು. ಅವುಗಳಿಗೆ ಕೆಳಗಿನ ಹಂತಗಳು ಬೇಕಾಗುತ್ತವೆ.

ಹಂತ 1: ಪ್ರಯಾಣದ ದಿನಕ್ಕೆ ಮಗುವಿನ ವಯಸ್ಸೆಷ್ಟು ನೋಡಿ

ಟಿಕೆಟ್ ಕಾಯ್ದಿರಿಸಿದ ದಿನದ ವಯಸ್ಸು ಲೆಕ್ಕಕ್ಕೆ ಬರುವುದಿಲ್ಲ, ವಿಮಾನ ಹತ್ತುವ ದಿನದ್ದು ಬರುತ್ತದೆ. ಹೋಗುವಾಗ ಇಪ್ಪತ್ಮೂರು ತಿಂಗಳಿದ್ದು ಬರುವಾಗ ಎರಡು ತುಂಬಿದ್ದರೆ ಮರಳುವ ಪ್ರಯಾಣಕ್ಕೆ ಸೀಟು ಕೊಳ್ಳಲೇಬೇಕು. ಇಂಥ ಟಿಕೆಟ್ಟನ್ನು ಹಲವು ಜಾಲತಾಣಗಳು ಒಂದೇ ಬುಕಿಂಗ್‌ನಲ್ಲಿ ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ವಿಮಾನಯಾನ ಸಂಸ್ಥೆಗೆ ಕರೆ ಮಾಡಿ, ಹೋಗುವುದಕ್ಕೆ ಹೇಗೆ, ಬರುವುದಕ್ಕೆ ಹೇಗೆ ಎಂದು ಬಿಡಿಸಿ ಕೇಳಿ. ಹೇಗೂ ಒಂದು ಕಡೆಗೆ ಸೀಟು ಕೊಳ್ಳಲೇಬೇಕಾಗಿದೆ ಎಂದಾದಾಗ ಎರಡೂ ಕಡೆಗೆ ಕೊಂಡರೆ ಹೆಚ್ಚುವರಿ ಎಷ್ಟಾಗುತ್ತದೆ ಎಂಬುದನ್ನೂ ಅದೇ ಕರೆಯಲ್ಲಿ ಕೇಳಿಕೊಳ್ಳಿ.

ಒಬ್ಬ ವಯಸ್ಕರ ಮಡಿಲಿಗೆ ಒಂದೇ ಮಗು. ಅವಳಿ ಮಕ್ಕಳೊಂದಿಗೆ ಒಬ್ಬರೇ ಹೊರಟರೆ ಒಂದು ಮಗುವಿಗೆ ಸೀಟು ಕೊಳ್ಳದೆ ದಾರಿಯಿಲ್ಲ. ತಂದೆತಾಯಿ ಇಬ್ಬರೂ ಇದ್ದು ಒಬ್ಬೊಬ್ಬರ ಮಡಿಲಲ್ಲಿ ಒಂದೊಂದು ಮಗುವಿದ್ದರೂ, ಸಾಮಾನ್ಯವಾಗಿ ಒಂದೇ ಬದಿಯ ಮೂರು ಸೀಟುಗಳಲ್ಲಿ ಒಟ್ಟಿಗೆ ಕೂರಲು ಬಿಡುವುದಿಲ್ಲ. ಆ ಮೂರು ಸೀಟುಗಳ ಮೇಲೆ ಹೆಚ್ಚುವರಿಯಾಗಿ ಇರುವುದು ಒಂದೇ ಆಮ್ಲಜನಕದ ಮುಖವಾಡ.

ಹಂತ 2: ಎಷ್ಟು ಕೈಗಳಿವೆ ಎಣಿಸಿ

ಟಿಕೆಟ್ಟಿನಲ್ಲಿ ಎಷ್ಟು ಜನರಿದ್ದಾರೆ ಎಂಬುದಕ್ಕಿಂತ, ಮಗುವನ್ನು ಗಂಟೆಗಟ್ಟಲೆ ಎತ್ತಿಕೊಳ್ಳಬಲ್ಲವರು ಎಷ್ಟು ಜನ ಎಂಬುದನ್ನು ನೋಡಿ. ನಮ್ಮ ಮನೆಗಳಲ್ಲಿ ಈ ಲೆಕ್ಕ ತಪ್ಪುವುದು ಅಜ್ಜ ಅಜ್ಜಿಯರ ವಿಷಯದಲ್ಲಿ. "ಅತ್ತೆಯವರೂ ಜೊತೆಗಿದ್ದಾರಲ್ಲ, ಸಾಕು" ಎಂದು ಸೊಸೆ ಧೈರ್ಯ ತಂದುಕೊಳ್ಳುತ್ತಾಳೆ. ಅತ್ತೆಯವರಿಗೆ ಮೊಣಕಾಲು ನೋವಿದ್ದರೆ, ಹನ್ನೊಂದು ಕಿಲೋ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕಳೆಯುವುದೂ ಅವರಿಗೆ ಹಿಂಸೆ. ಬಾಯಿಬಿಟ್ಟು ಹೇಳದೆ ಸಹಿಸಿಕೊಳ್ಳುತ್ತಾರೆ, ಇಳಿಯುವಾಗ ಕಾಲು ಊರಲಾಗುವುದಿಲ್ಲ. ಅವರ ಸಹಾಯ ದೊಡ್ಡದು, ಆದರೆ ಅದು ಬೇರೆ ಬಗೆಯದು: ಹಾಡು ಹೇಳಿ ಮಗುವನ್ನು ಸಮಾಧಾನಪಡಿಸುವುದು, ಬಾಟಲಿ ಕೈಗೆ ಕೊಡುವುದು, ತಾಯಿ ಶೌಚಾಲಯಕ್ಕೆ ಹೋಗಿಬರುವವರೆಗೆ ಮಗುವನ್ನು ನೋಡಿಕೊಳ್ಳುವುದು. ಹೊರುವ ಕೈಗಳ ಎಣಿಕೆಯಲ್ಲಿ ಅವರನ್ನು ಸೇರಿಸಬೇಡಿ.

ತಾಯಿ ಮತ್ತೆ ಗರ್ಭಿಣಿಯಾಗಿದ್ದರೆ ಮಡಿಲು ಎಂಬುದೇ ಉಳಿದಿರುವುದಿಲ್ಲ. ಬೆನ್ನುನೋವಿರುವ ತಂದೆಯನ್ನೂ ಪೂರ್ತಿ ಎಣಿಸಬೇಡಿ. ಹೀಗೆ ಎಣಿಸಿದಾಗ ಎರಡು ಜೊತೆ ಗಟ್ಟಿ ಕೈಗಳು ಉಳಿದರೆ ಮಡಿಲ ಪ್ರಯಾಣದ ಬಗ್ಗೆ ಯೋಚಿಸಬಹುದು. ಒಂದೇ ಜೊತೆ ಉಳಿದರೆ, ಮೂರು ಗಂಟೆ ಮೀರುವ ಯಾವ ಹಾರಾಟಕ್ಕೂ ನಾನು ಸೀಟಿನ ಪರವೇ. ಒಬ್ಬಂಟಿ ತಾಯಿಯನ್ನು ನೆನೆಸಿಕೊಳ್ಳಿ. ಊಟದ ಟ್ರೇ ಬಂದಾಗ ಬಿಸಿ ತಿಂಡಿಯನ್ನೂ ಮಗುವನ್ನೂ ಒಟ್ಟಿಗೆ ಹಿಡಿಯಬೇಕು, ಇಲ್ಲವೇ ಹಸಿದಿರಬೇಕು. ಪಕ್ಕದಲ್ಲಿ ಮಗುವಿನದೇ ಸೀಟಿದ್ದರೆ ಆ ಟ್ರೇ ಇಡುವುದಕ್ಕಾದರೂ ಜಾಗವಿರುತ್ತದೆ.

ಹಂತ 3: ಹಾರಾಟದ ಗಂಟೆಗಳನ್ನು ಮಗುವಿನ ನಿದ್ದೆಯ ಜೊತೆ ಜೋಡಿಸಿ

ಇಡೀ ತೀರ್ಮಾನದಲ್ಲಿ ನಾನು ಅತಿ ಹೆಚ್ಚು ತೂಕ ಕೊಡುವುದು ಇದಕ್ಕೆ. ಒಂದು ಕಾಗದದ ಮೇಲೆ ಪ್ರಯಾಣದ ದಿನವನ್ನು ಗಂಟೆ ಗಂಟೆಯಾಗಿ ಬರೆಯಿರಿ. ಪಕ್ಕದಲ್ಲಿ ಮಗು ಮನೆಯಲ್ಲಿ ಆ ಹೊತ್ತಿಗೆ ಏನು ಮಾಡುತ್ತಿರುತ್ತದೆ ಎಂದು ಬರೆಯಿರಿ.

ಬೆಂಗಳೂರಿನಿಂದ ಕೊಲ್ಲಿ ಮತ್ತು ಯೂರೋಪಿನ ಕಡೆಗೆ ಹೋಗುವ ಅನೇಕ ವಿಮಾನಗಳು ಮಧ್ಯರಾತ್ರಿಯಿಂದ ಬೆಳಗಿನ ಜಾವದ ನಡುವೆ ಹೊರಡುತ್ತವೆ. ವಿಮಾನ ಮೂರೂವರೆಗೆ ಎಂದುಕೊಳ್ಳಿ. ಬನಶಂಕರಿಯಿಂದಲೋ ಜಯನಗರದಿಂದಲೋ ದೇವನಹಳ್ಳಿಗೆ ಒಂದೂವರೆ ಗಂಟೆ, ನಿಲ್ದಾಣದಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಅಂದರೆ ರಾತ್ರಿ ಹನ್ನೊಂದಕ್ಕೆ ಮನೆ ಬಿಡಬೇಕು. ಎಂಟೂವರೆಗೆ ಮಲಗಿದ ಮಗುವನ್ನು ಎಬ್ಬಿಸಬೇಕು, ಇಲ್ಲವೇ ಹಾಗೇ ಎತ್ತಿಕೊಂಡು ಕಾರಿಗೆ ಹಾಕಬೇಕು. ಎರಡನೇ ಟರ್ಮಿನಲ್ಲಿನ ದೀಪಗಳಲ್ಲಿ, ಭದ್ರತಾ ತಪಾಸಣೆಯಲ್ಲಿ ಅದು ಎಚ್ಚರವಾಗಿಯೇ ಆಗುತ್ತದೆ. ವಿಮಾನ ಮೇಲೇರಿದ ಮೇಲೆ ಮಗುವಿಗೆ ಬೇಕಾಗಿರುವುದು ಒಂದೇ, ಅಡ್ಡಾಗುವ ಜಾಗ.

ಇಲ್ಲಿ ಸೀಟು ಕೊಡುವ ಅನುಕೂಲವನ್ನು ಅಳತೆಯಲ್ಲೇ ಹೇಳಬಹುದು. ಸಾಮಾನ್ಯ ದರ್ಜೆಯ ಸೀಟು ಸುಮಾರು 43ರಿಂದ 45 ಸೆಂಟಿಮೀಟರ್ ಅಗಲ. ಒಂದೂವರೆ ವರ್ಷದ ಮಗುವಿನ ಎತ್ತರ 80 ಸೆಂಟಿಮೀಟರಿನ ಆಸುಪಾಸು. ನಡುವಿನ ಕೈಯಾಸರೆಯನ್ನು ಮೇಲೆತ್ತಿದರೆ ತಲೆ ನಿಮ್ಮ ತೊಡೆಯ ಮೇಲೆ, ಕಾಲು ತನ್ನ ಸೀಟಿನ ಮೇಲೆ ಇಟ್ಟು ಮಗು ಪೂರ್ತಿ ಚಾಚಿ ಮಲಗಬಹುದು. ಮಡಿಲಲ್ಲೇ ಮಲಗಿಸಿದರೆ ಕಾಲುಗಳು ಓಡಾಡುವ ದಾರಿಗೆ ಚಾಚಿಕೊಳ್ಳುತ್ತವೆ. ಪ್ರತಿ ಸಲ ಊಟದ ಗಾಡಿ ಬಂದಾಗ ಮಡಚಬೇಕು, ಎಚ್ಚರಾಗುತ್ತದೆ.

ವಿಮಾನದ ತೊಟ್ಟಿಲು, ಅಂದರೆ ಬ್ಯಾಸಿನೆಟ್, ಸಿಗುತ್ತದಲ್ಲ ಎಂದು ಹಲವರು ನಂಬಿಕೊಂಡಿರುತ್ತಾರೆ. ಅದು ಮುಂದಿನ ಗೋಡೆಗೆ ತಗುಲಿಹಾಕುವಂಥದು, ದೂರದ ದೊಡ್ಡ ವಿಮಾನಗಳಲ್ಲಿ ಮಾತ್ರ ಸಿಗುತ್ತದೆ. ತೂಕದ ಮಿತಿ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಹಲವು ಕಡೆ ಹತ್ತು ಹನ್ನೊಂದು ಕಿಲೋ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ಹದಿನೆಂಟು ತಿಂಗಳ ಗಂಡುಮಗುವಿನ ಮಧ್ಯಮ ತೂಕ 10.9 ಕಿಲೋ, ಹೆಣ್ಣುಮಗುವಿನದು 10.2 ಕಿಲೋ. ತೂಕ ಹೊಂದಿದರೂ ಉದ್ದ ಹೊಂದುವುದಿಲ್ಲ, ಉದ್ದವೂ ಹೊಂದಿದರೆ ಮಗು ಎದ್ದು ನಿಲ್ಲುತ್ತದೆ. ಸೀಟ್ ಬೆಲ್ಟ್ ದೀಪ ಹತ್ತಿದಾಗಲೆಲ್ಲ ನಿದ್ದೆಯಲ್ಲಿರುವ ಮಗುವನ್ನು ಅದರಿಂದ ತೆಗೆಯಬೇಕು. ಹತ್ತು ತಿಂಗಳೊಳಗಿನ ಕೂಸಿಗೆ ತೊಟ್ಟಿಲು ಬಹಳ ಒಳ್ಳೆಯದು. ನಡೆದಾಡುವ ಮಗುವಿಗೆ ಅದನ್ನು ನೆಚ್ಚಿ ಸೀಟು ಬಿಡುವುದು ಬೇಡ.

ಹಗಲಿನ ಹಾರಾಟಕ್ಕೆ ಇಷ್ಟೆಲ್ಲ ಚಿಂತೆ ಬೇಕಿಲ್ಲ. ಬೆಂಗಳೂರು–ದೆಹಲಿ ಸುಮಾರು ಎರಡೂಮುಕ್ಕಾಲು ಗಂಟೆ. ಮಗುವಿನ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ವಿಮಾನ ಹೊರಡುವಂತೆ ನೋಡಿಕೊಂಡರೆ ಅರ್ಧ ದಾರಿ ಭುಜದ ಮೇಲೇ ಕಳೆಯುತ್ತದೆ. ಶಿವಮೊಗ್ಗಕ್ಕೆ, ಹುಬ್ಬಳ್ಳಿಗೆ ಹೋಗುವ ಎಟಿಆರ್ ಎಂಬ ಚಿಕ್ಕ ವಿಮಾನ ಮೇಲೇರಿ ನೆಟ್ಟಗಾಗುವಷ್ಟರಲ್ಲಿ ಇಳಿಯುವ ಸಿದ್ಧತೆ ಶುರುವಾಗಿರುತ್ತದೆ.

ಹಂತ 4: ಸುರಕ್ಷತೆಯ ಮಾತು

ಸುರಕ್ಷತೆಯೊಂದನ್ನೇ ಮುಂದಿಟ್ಟುಕೊಂಡರೆ ಉತ್ತರ ಸ್ಪಷ್ಟ. ಮಗು ತನ್ನದೇ ಸೀಟಿನಲ್ಲಿ, ತನ್ನ ಮೈಗೆ ಹೊಂದುವ ಪಟ್ಟಿಯೊಳಗೆ ಕೂತಿರುವುದೇ ಎಲ್ಲಕ್ಕಿಂತ ಕ್ಷೇಮ. ಅಮೆರಿಕದ ವಿಮಾನಯಾನ ಆಡಳಿತ, ಎಫ್‌ಎಎ, ವರ್ಷಗಳಿಂದ ಇದನ್ನೇ ಹೇಳುತ್ತಿದೆ.

ಕಾರಣ ಬಲದ ಲೆಕ್ಕದಲ್ಲಿದೆ. 2024ರ ಮೇ 21ರಂದು ಲಂಡನ್ನಿನಿಂದ ಸಿಂಗಪುರಕ್ಕೆ ಹೋಗುತ್ತಿದ್ದ ಸಿಂಗಪುರ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ ತೀವ್ರ ಕುಲುಕಾಟಕ್ಕೆ ಸಿಕ್ಕಿತು. ಒಬ್ಬ ಪ್ರಯಾಣಿಕರು ತೀರಿಕೊಂಡರು, ಹಲವರು ಗಾಯಗೊಂಡರು. ಸಿಂಗಪುರದ ತನಿಖಾ ಸಂಸ್ಥೆಯ ಪ್ರಾಥಮಿಕ ವರದಿಯ ಪ್ರಕಾರ ವಿಮಾನದ ಮೇಲಿನ ಲಂಬ ಬಲ 0.6 ಸೆಕೆಂಡಿನಲ್ಲಿ ಗುರುತ್ವದ 1.35 ಪಟ್ಟಿನಿಂದ ಅದರ ವಿರುದ್ಧ ದಿಕ್ಕಿನ 1.5 ಪಟ್ಟಿಗೆ ತಿರುಗಿತು. ಅಂಥ ಕ್ಷಣದಲ್ಲಿ ಹನ್ನೊಂದು ಕಿಲೋ ಮಗು ನಿಮ್ಮ ಕೈಯಿಂದ ಮೇಲ್ಮುಖವಾಗಿ ಹದಿನಾರು ಕಿಲೋಗೂ ಹೆಚ್ಚಿನ ಸೆಳೆತದಲ್ಲಿ ಕಿತ್ತುಕೊಳ್ಳುತ್ತದೆ. ಅರ್ಧ ಸೆಕೆಂಡಿನ ಮುನ್ಸೂಚನೆಯಲ್ಲಿ, ಅದೂ ತೂಕಡಿಸುತ್ತಿರುವಾಗ, ಯಾವ ತಾಯಿಯ ಹಿಡಿತವೂ ಸಾಲದು. ಇಂಥದು ತೀರಾ ಅಪರೂಪ. ಸಣ್ಣಪುಟ್ಟ ಕುಲುಕಾಟ ಮಾತ್ರ, ಅದರಲ್ಲೂ ಮುಂಗಾರಿನ ತಿಂಗಳುಗಳಲ್ಲಿ, ಸಾಮಾನ್ಯ.

ಭಾರತದ ವಿಮಾನಗಳಲ್ಲಿ ಮಡಿಲ ಮಗುವಿಗೆ ಚಿಕ್ಕ ಬೆಲ್ಟ್ ಕೊಡುತ್ತಾರೆ, ಅದನ್ನು ನಿಮ್ಮ ಬೆಲ್ಟಿಗೆ ಪೋಣಿಸಿಕೊಳ್ಳಬೇಕು. ಕುಲುಕಾಟದಲ್ಲಿ ಮಗು ಹಾರಿಹೋಗದಂತೆ ಅದು ತಡೆಯುತ್ತದೆ. ಆದರೆ ದೊಡ್ಡ ಅಪಘಾತದಲ್ಲಿ ವಯಸ್ಕರ ಮೈ ಮುಂದಕ್ಕೆ ಬಾಗಿ ಮಗುವಿನ ಮೇಲೇ ಬೀಳುತ್ತದೆ. ಈ ಕಾರಣಕ್ಕೇ ಅಮೆರಿಕದ ಸಂಸ್ಥೆಗಳ ವಿಮಾನಗಳಲ್ಲಿ ಅದನ್ನು ಬಳಸಲು ಬಿಡುವುದಿಲ್ಲ, ಅಲ್ಲಿ ಮಗುವನ್ನು ಬರಿಗೈಯಲ್ಲೇ ಹಿಡಿಯಬೇಕು. ಯೂರೋಪು ಮತ್ತು ನಮ್ಮಲ್ಲಿ ಬೆಲ್ಟ್ ಚಾಲ್ತಿಯಲ್ಲಿದೆ. ಕೊಟ್ಟಾಗ ಹಾಕಿಕೊಳ್ಳಿ, ದೀಪ ಆರಿದ ಮೇಲೂ ಬಿಚ್ಚಬೇಡಿ.

1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ಅಪಘಾತಕ್ಕೀಡಾದಾಗ ಅದರಲ್ಲಿ ನಾಲ್ಕು ಮಡಿಲ ಮಕ್ಕಳಿದ್ದರು. ಆಗಿನ ಸೂಚನೆಯಂತೆ ಅವರನ್ನು ನೆಲದ ಮೇಲೆ ಇರಿಸಲು ತಂದೆತಾಯಿಗಳಿಗೆ ಹೇಳಬೇಕಾಯಿತು, ಒಂದು ಮಗು ಉಳಿಯಲಿಲ್ಲ. ಆ ಮಾತು ಹೇಳಬೇಕಾಗಿ ಬಂದ ಮುಖ್ಯ ಗಗನಸಖಿ ಜಾನ್ ಬ್ರೌನ್ ಮುಂದೆ ಪ್ರತಿ ಮಗುವಿಗೂ ಸೀಟು ಕಡ್ಡಾಯವಾಗಬೇಕೆಂದು ದಶಕಗಳ ಕಾಲ ಒತ್ತಾಯಿಸಿದರು. ಆದರೂ 2005ರಲ್ಲಿ ಎಫ್‌ಎಎ ಕಡ್ಡಾಯ ಮಾಡದಿರಲು ನಿರ್ಧರಿಸಿತು. ಸೀಟಿನ ಹಣ ಹೊರಲಾಗದ ಕುಟುಂಬಗಳು ವಿಮಾನ ಬಿಟ್ಟು ಕಾರಿನಲ್ಲಿ ಹೊರಡುತ್ತವೆ, ವಿಮಾನದಲ್ಲಿ ಸೀಟಿನಿಂದ ಉಳಿಯುವ ಮಕ್ಕಳಿಗಿಂತ ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆ ಹೆಚ್ಚಾಗುತ್ತದೆ ಎಂಬುದು ಅದರ ವಾದ.

ಈ ವಾದ ನಮಗೂ ಹೊಂದುತ್ತದೆ. ಮಗುವಿನ ಸೀಟಿಗೆ ಹಣ ಹೆಚ್ಚಾಯಿತೆಂದು ಹುಬ್ಬಳ್ಳಿಗೆ ರಾತ್ರಿ ಪೂರ್ತಿ ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಹೋಗುವುದಾದರೆ, ಅದಕ್ಕಿಂತ ಮಡಿಲಲ್ಲಿ ಕೂರಿಸಿಕೊಂಡು ವಿಮಾನದಲ್ಲಿ ಹೋಗುವುದೇ ಮಗುವಿಗೆ ಕ್ಷೇಮ. ಹಣದ ಅನುಕೂಲವಿಲ್ಲದೆ ಮಡಿಲಲ್ಲಿ ಕೂರಿಸಿಕೊಂಡವರು ಅಪರಾಧಿ ಭಾವದಿಂದ ಕೊರಗಬೇಕಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಬರಿಯ ಸೀಟು ಕೊಂಡರೆ ಸುರಕ್ಷತೆ ಬರುವುದಿಲ್ಲ. ದೊಡ್ಡವರ ಸೊಂಟದ ಬೆಲ್ಟ್ ಚಿಕ್ಕ ಮಗುವಿಗೆ ಸರಿಯಾಗಿ ಕೂರುವುದಿಲ್ಲ, ಕೆಳಗಿನಿಂದ ನುಸುಳಿಹೋಗಬಹುದು. ಹಲವು ಸಂಸ್ಥೆಗಳು ಎರಡು ತುಂಬದ ಮಗುವಿಗೆ ಸೀಟಿದ್ದರೂ, ಒಪ್ಪಿಗೆ ಪಡೆದ ಕಾರ್ ಸೀಟ್ ಇಲ್ಲದಿದ್ದರೆ, ಏರುವಾಗ ಇಳಿಯುವಾಗ ಮಡಿಲಿಗೇ ತೆಗೆದುಕೊಳ್ಳಲು ಹೇಳುತ್ತವೆ. ಆದ್ದರಿಂದ ಸುರಕ್ಷತೆಗಾಗಿ ಸೀಟು ಕೊಳ್ಳುತ್ತಿದ್ದರೆ ಅದರ ಜೊತೆಗೆ ಎರಡರಲ್ಲೊಂದು ಬೇಕು.

ಮೊದಲನೆಯದು ವಿಮಾನಕ್ಕೆ ಒಪ್ಪಿಗೆ ಇರುವ ಕಾರ್ ಸೀಟ್. ಅಮೆರಿಕದ್ದಾದರೆ ಮೋಟಾರು ವಾಹನ ಮತ್ತು ವಿಮಾನ ಎರಡರಲ್ಲೂ ಬಳಸಲು ಪ್ರಮಾಣಿತ ಎಂಬ ಬರಹ ಕೆಂಪು ಅಕ್ಷರದಲ್ಲಿ ಇರುತ್ತದೆ. ಇಲ್ಲಿ ಮಾರುವ ಸೀಟುಗಳಲ್ಲಿ ಆ ಚೀಟಿ ಇದೆಯೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿ. ರಸ್ತೆ ವಾಹನದ ಪ್ರಮಾಣಪತ್ರ ಮಾತ್ರ ಇದ್ದರೆ ವಿಮಾನದ ಬಾಗಿಲಲ್ಲಿ ನಿರಾಕರಿಸಬಹುದು. ಅಗಲ ಸುಮಾರು 40 ಸೆಂಟಿಮೀಟರಿನ ಒಳಗಿದ್ದರೆ ಹೆಚ್ಚಿನ ಸೀಟುಗಳಲ್ಲಿ ಕೂರುತ್ತದೆ. ಎರಡನೆಯದು ಕೇರ್ಸ್ ಎಂಬ ಪಟ್ಟಿ: ಚೀಲದಲ್ಲಿ ಹಿಡಿಯುವಷ್ಟು ಚಿಕ್ಕದು, ವಿಮಾನದ ಸೀಟಿನ ಬೆನ್ನಿಗೆ ಸುತ್ತಿ ಕಟ್ಟುವಂಥದು. ಒಂದು ವರ್ಷ ದಾಟಿ 10ರಿಂದ 20 ಕಿಲೋ ತೂಗುವ, ಒಂದು ಮೀಟರಿಗಿಂತ ಕಡಿಮೆ ಎತ್ತರದ ಮಗುವಿಗೆ ಎಫ್‌ಎಎ ಇದನ್ನು ಒಪ್ಪಿದೆ. ಬೇರೆ ದೇಶಗಳ ಸಂಸ್ಥೆಗಳು ಒಪ್ಪುತ್ತವೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ, ಆ ಇಮೇಲ್ ಮೊಬೈಲಿನಲ್ಲಿರಲಿ.

ಅಮೆರಿಕಕ್ಕೆ ಹೋಗುವವರಿಗೆ ಅಲ್ಲಿ ಇಳಿದ ಕೂಡಲೇ ಕಾರ್ ಸೀಟ್ ಬೇಕೇ ಬೇಕು, ಎಲ್ಲ ರಾಜ್ಯಗಳಲ್ಲೂ ಅದು ಕಾನೂನು. ಹೇಗೂ ಒಯ್ಯುವುದಾದರೆ ಲಗೇಜಿಗೆ ಹಾಕಿ ಬಡಿಸಿಕೊಳ್ಳುವ ಬದಲು ಮಗುವನ್ನೇ ಅದರಲ್ಲಿ ಕೂರಿಸಿಕೊಂಡು ಹೋಗಬಹುದು.

ಹಂತ 5: ಹಣ, ಆದರೆ ಪೂರ್ತಿ ಲೆಕ್ಕ

ಸೀಟಿನ ಬೆಲೆಯನ್ನು ಹಾಗೇ ನೋಡಿ ಬೆಚ್ಚಬೇಡಿ. ಮಡಿಲ ಮಗುವಿಗೂ ಶುಲ್ಕವಿದೆ, ಎರಡರ ನಡುವಿನ ವ್ಯತ್ಯಾಸ ಮಾತ್ರ ನಿಮ್ಮ ಖರ್ಚು.

ದೇಶದೊಳಗೆ ನಮ್ಮ ಅಗ್ಗದ ದರದ ಸಂಸ್ಥೆಗಳು ಮಡಿಲ ಮಗುವಿಗೆ ನಿಗದಿತ ಮೊತ್ತ ತೆಗೆದುಕೊಳ್ಳುತ್ತವೆ, ಟಿಕೆಟ್ ದರ ಏರಿದರೂ ಇಳಿದರೂ ಅದು ಅಷ್ಟೇ. ಇದರಿಂದ ಒಂದು ವಿಚಿತ್ರ ಅನುಕೂಲವಾಗುತ್ತದೆ. ಉದಾಹರಣೆಗೆ ಮಡಿಲ ಶುಲ್ಕ 2,000 ರೂಪಾಯಿ, ಅಂದಿನ ಮಂಗಳೂರು ಟಿಕೆಟ್ 2,800 ಎಂದಿಟ್ಟುಕೊಳ್ಳಿ. ಕೇವಲ 800 ರೂಪಾಯಿಗೆ ಸೀಟೂ ಬಂತು, ಅದರ ಜೊತೆ 15 ಕಿಲೋ ಲಗೇಜೂ ಬಂತು. ಆಗ ಒಂದು ಗಂಟೆಯ ಹಾರಾಟಕ್ಕೂ ನಾನು ಕೊಳ್ಳಿ ಎನ್ನುತ್ತೇನೆ. ದಸರಾ ರಜೆಯಲ್ಲಿ ಅದೇ ಟಿಕೆಟ್ 8,000ಕ್ಕೆ ಏರಿದರೆ ಮಡಿಲೇ ಸರಿ.

ವಿದೇಶಕ್ಕೆ ಸಾಮಾನ್ಯವಾಗಿ ಮಡಿಲ ಮಗುವಿಗೆ ವಯಸ್ಕರ ದರದ ಶೇಕಡಾ 10ರ ಆಸುಪಾಸು, ಸೀಟಿರುವ ಮಗುವಿಗೆ ವಯಸ್ಕರ ದರಕ್ಕಿಂತ ಸ್ವಲ್ಪ ಕಡಿಮೆ. ಲೆಕ್ಕಕ್ಕಾಗಿ ಒಂದು ಉದಾಹರಣೆ: ದುಬೈ ಮೂಲಕ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿಬರುವ ಟಿಕೆಟ್ ಸೀಟಿರುವ ಮಗುವಿಗೆ 78,000 ರೂಪಾಯಿ, ಮಡಿಲ ಮಗುವಿಗೆ 11,000. ವ್ಯತ್ಯಾಸ 67,000. ಬೆಂಗಳೂರಿನಿಂದ ದುಬೈಗೆ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಸುಮಾರು ಹದಿನಾರು ಗಂಟೆ. ಎರಡೂ ಕಡೆ ಸೇರಿ ನಲವತ್ತು ಗಂಟೆ ಆಕಾಶದಲ್ಲಿ. ಗಂಟೆಗೆ 1,675 ರೂಪಾಯಿ ಬಿತ್ತು. ಅಮೆರಿಕದ ಮಾರ್ಗಗಳಲ್ಲಿ ಸೀಟಿರುವ ಮಗುವಿಗೆ ದೊಡ್ಡವರಷ್ಟೇ ಲಗೇಜು ಸಿಗುವುದು ಸಾಮಾನ್ಯ, ತಲಾ 23 ಕಿಲೋದ ಎರಡು ಪೆಟ್ಟಿಗೆ. ನೀವು ಹೇಗೂ ಹಣ ಕೊಟ್ಟು ಹೆಚ್ಚುವರಿ ಪೆಟ್ಟಿಗೆ ಒಯ್ಯುವವರಾಗಿದ್ದರೆ, ಆ ಮೊತ್ತವನ್ನು 67,000ದಿಂದ ಕಳೆಯಿರಿ. ಚಟ್ನಿಪುಡಿ, ಹುರಿಹಿಟ್ಟು, ಬಾಣಂತಿಯ ಲೇಹ್ಯ ಎಂದು ತುಂಬಿಕೊಂಡು ಹೋಗುವ ಮನೆಯಾದರೆ ಇದು ದೊಡ್ಡ ಮೊತ್ತವೇ.

ಪೂರ್ತಿ ಭರಿಸಲಾಗದಿದ್ದರೆ ಒಂದೇ ದಿಕ್ಕಿಗೆ ಕೊಳ್ಳಲು ಬರುತ್ತದೆಯೇ ಕೇಳಿ. ಎರಡರಲ್ಲಿ ಯಾವುದು ರಾತ್ರಿಯ ಹಾರಾಟವೋ, ಯಾವುದರಲ್ಲಿ ಕೈಗಳು ಕಡಿಮೆಯೋ ಅದಕ್ಕೆ ಕೊಳ್ಳಿ. ಇದಕ್ಕಾಗಿ ಕ್ರೆಡಿಟ್ ಕಾರ್ಡಿನಲ್ಲಿ ತಿಂಗಳುಗಟ್ಟಲೆ ಬಡ್ಡಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಹಂತ 6: ಮಗು ಕೂರುತ್ತದೆಯೇ ಪರೀಕ್ಷಿಸಿ

ಸೀಟು ಕೊಂಡ ಮೇಲೆ ಮಗು ಅದರಲ್ಲಿ ಕೂರಬೇಕಲ್ಲ. ಟಿಕೆಟ್‌ಗೆ ಹಣ ಕಟ್ಟುವ ಮುಂಚೆ ಒಂದು ಭಾನುವಾರ ಬೆಳಗ್ಗೆ ಕಾರ್ ಸೀಟಿನಲ್ಲಿ ಕೂರಿಸಿಕೊಂಡು ನಂದಿಬೆಟ್ಟದ ತಪ್ಪಲಿನವರೆಗೆ ಹೋಗಿಬನ್ನಿ. ವಿಮಾನ ನಿಲ್ದಾಣದ ದಾರಿಯೂ ಅದೇ ಆದ್ದರಿಂದ ನಿಲ್ದಾಣ ತಲುಪುವ ಹೊತ್ತಿಗೆ ಮಗುವಿನ ಸ್ಥಿತಿ ಹೇಗಿರುತ್ತದೆ ಎಂಬುದೂ ತಿಳಿಯುತ್ತದೆ. ಕಾರಿಲ್ಲದವರು ಮೈಸೂರಿನ ರೈಲಿನಲ್ಲಿ ಕೂರುವ ದರ್ಜೆಯಲ್ಲಿ ಹೋಗಿನೋಡಿ. ಗದ್ದಲ, ಅಪರಿಚಿತರು, ಎದ್ದು ಓಡಾಡುವ ಆಸೆ, ಎಲ್ಲವೂ ಅಲ್ಲಿವೆ.

ಪಟ್ಟಿ ಕಟ್ಟಿದರೆ ಮೈ ಬಿಲ್ಲು ಮಾಡಿ ಅಳುವ ಮಗುವಿಗೆ ಎರಡು ಮೂರು ವಾರ ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಅಭ್ಯಾಸ ಮಾಡಿಸಿದರೆ ಬಹಳಷ್ಟು ಒಗ್ಗುತ್ತದೆ. ಎದೆಹಾಲು ಕುಡಿಯುತ್ತಲೇ ನಿದ್ದೆ ಹೋಗುವ ಮಗು ವಿಮಾನದಲ್ಲೂ ತಾಯಿಯ ಮೈಮೇಲೇ ಮಲಗುತ್ತದೆ. ಅದರ ತಾಯಿ ನನ್ನನ್ನು ಕೇಳಿದರೆ ಆಗಲೂ ಕೊಳ್ಳಿ ಎನ್ನುತ್ತೇನೆ, ಏಕೆಂದರೆ ಗಾಢ ನಿದ್ದೆಗೆ ಜಾರಿದ ಮೇಲೆ ಪಕ್ಕಕ್ಕೆ ಸರಿಸಿ ಬೆನ್ನು ನೇರ ಮಾಡಿಕೊಳ್ಳಲು ಜಾಗವಿರುತ್ತದೆ.

ಹಂತ 7: ಕಾಯ್ದಿರಿಸುವಾಗ

ಎರಡು ತುಂಬದ ಮಗುವಿನ ಜನ್ಮದಿನಾಂಕ ಹಾಕಿದ ಕೂಡಲೇ ಹಲವು ಜಾಲತಾಣಗಳು ತಾವಾಗಿಯೇ ಮಡಿಲ ಟಿಕೆಟ್ ಮಾಡಿಬಿಡುತ್ತವೆ. ಹಾಗಾದರೆ ಸುಳ್ಳು ಜನ್ಮದಿನಾಂಕ ಹಾಕಬೇಡಿ, ಪಾಸ್‌ಪೋರ್ಟಿಗೆ ತಾಳೆಯಾಗದೆ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ. ಸಂಸ್ಥೆಯ ಫೋನ್ ಸಂಖ್ಯೆಗೆ ಕರೆ ಮಾಡಿ ಅಥವಾ ನಂಬಿಕೆಯ ಏಜೆಂಟರ ಮೂಲಕ ಮಾಡಿಸಿ. ವಿಮಾನಯಾನದವರ ಭಾಷೆಯಲ್ಲಿ ಮಡಿಲ ಮಗುವಿಗೆ ಐಎನ್‌ಎಫ್, ಸೀಟಿರುವ ಎರಡು ತುಂಬದ ಮಗುವಿಗೆ ಐಎನ್‌ಎಸ್ ಎಂಬ ಗುರುತು. ಈ ಎರಡನೆಯದನ್ನು ಹೇಳಿಯೇ ಕೇಳಿದರೆ ಅವರಿಗೂ ಗೊಂದಲವಿರುವುದಿಲ್ಲ.

ಇ-ಟಿಕೆಟ್ ಬಂದ ಮೇಲೆ ಮಗುವಿನ ಹೆಸರಿನ ಮುಂದೆ ಸೀಟು ಸಂಖ್ಯೆ ಮತ್ತು ಲಗೇಜಿನ ಪ್ರಮಾಣ ಕಾಣಿಸುತ್ತಿದೆಯೇ ನೋಡಿ. ಎರಡು ಸಂಸ್ಥೆಗಳ ವಿಮಾನಗಳು ಸೇರಿದ ಟಿಕೆಟ್ ಆಗಿದ್ದರೆ ಎರಡೂ ಕಡೆ ವಿಚಾರಿಸಬೇಕು, ಕಾರ್ ಸೀಟಿನ ನಿಯಮ ವಿಮಾನ ಹಾರಿಸುವವರದೇ ನಡೆಯುತ್ತದೆ. ಮಗುವಿನ ಊಟವನ್ನು ಅದೇ ಕರೆಯಲ್ಲಿ ಹೇಳಿಬಿಡಿ.

ಒಂದೇ ಬುಕಿಂಗ್‌ನಲ್ಲಿರುವ 12 ವರ್ಷದವರೆಗಿನ ಮಕ್ಕಳಿಗೆ ತಂದೆತಾಯಿಯಲ್ಲಿ ಒಬ್ಬರ ಅಥವಾ ಪೋಷಕರ ಪಕ್ಕದಲ್ಲೇ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ನಮ್ಮ ಸಂಸ್ಥೆಗಳಿಗೆ ಸೂಚಿಸಿದೆ. ಬೇರೆ ಬೇರೆ ಸಾಲು ಕೊಟ್ಟರೆ ಈ ಸೂಚನೆಯನ್ನು ನೆನಪಿಸಿ.

ಹಂತ 8: ಯಾವ ಸೀಟು

ಕಾರ್ ಸೀಟ್ ಇದ್ದರೆ ಕಿಟಕಿಯ ಪಕ್ಕ, ಬೇರೆಯವರು ಹೊರಬರಲು ಅಡ್ಡವಾಗಬಾರದು. ತುರ್ತು ನಿರ್ಗಮನದ ಸಾಲೂ ಅದರ ಹಿಂದುಮುಂದಿನ ಸಾಲುಗಳೂ ಬೇಡ.

ಮುಂದೆ ಗೋಡೆಯಿರುವ ಮೊದಲ ಸಾಲನ್ನು ಕಾಲು ಚಾಚಲು ಜಾಗವಿದೆಯೆಂದು ಎಲ್ಲರೂ ಬಯಸುತ್ತಾರೆ. ತೊಟ್ಟಿಲು ಬೇಕಾದವರಿಗೆ ಅದೇ ಸರಿ. ಮಗುವಿಗೆ ಸೀಟು ಕೊಂಡವರು ಅದನ್ನು ಆರಿಸಬಾರದು. ಆ ಸಾಲಿನಲ್ಲಿ ಊಟದ ಟ್ರೇ ಕೈಯಾಸರೆಯೊಳಗೇ ಮಡಚಿರುತ್ತದೆ, ಕೈಯಾಸರೆ ಮೇಲೇಳುವುದಿಲ್ಲ. ಮಗುವನ್ನು ಎರಡು ಸೀಟಿಗೂ ಸೇರಿಸಿ ಮಲಗಿಸುವ ಇಡೀ ಉದ್ದೇಶವೇ ಕೈತಪ್ಪುತ್ತದೆ.

ಸೀಟು ಬೇಡವೆಂದು ತೀರ್ಮಾನಿಸಿದರೆ

ಖಾಲಿ ಸೀಟು ಸಿಗುವ ಸಂಭವವನ್ನು ಹೆಚ್ಚಿಸಿಕೊಳ್ಳಿ. ಮೂರರ ಸಾಲಿನಲ್ಲಿ ಗಂಡ ಹೆಂಡತಿ ಕಿಟಕಿಯದೂ ಓಡಾಡುವ ದಾರಿಯ ಪಕ್ಕದ್ದೂ ತೆಗೆದುಕೊಂಡು ನಡುವಿನದನ್ನು ಬಿಡಿ, ವಿಮಾನದ ಹಿಂಭಾಗದಲ್ಲಿ. ವಿಮಾನ ತುಂಬಿರದಿದ್ದರೆ ನಡುವಿನದೇ ಕೊನೆಗೆ ಉಳಿಯುತ್ತದೆ. ಯಾರಾದರೂ ಬಂದರೆ ಕಿಟಕಿಯದನ್ನು ಸಂತೋಷವಾಗಿ ಬಿಟ್ಟುಕೊಟ್ಟು ಒಟ್ಟಿಗೆ ಕೂರಿ, ಮಗುವನ್ನು ಕಂಡವರು ಸಾಮಾನ್ಯವಾಗಿ ಒಪ್ಪುತ್ತಾರೆ. ವಾರದ ನಡುವಿನ ದಿನಗಳಲ್ಲಿ ಈ ಉಪಾಯ ಫಲಿಸುವ ಸಾಧ್ಯತೆ ಹೆಚ್ಚು. ಯುಗಾದಿ, ದೀಪಾವಳಿ, ಬೇಸಿಗೆ ರಜೆ, ಡಿಸೆಂಬರಿನ ಕೊನೆಯ ವಾರಗಳಲ್ಲಿ ಅದನ್ನು ನೆಚ್ಚಬೇಡಿ. ಕೆಲವು ಸಂಸ್ಥೆಗಳು ಹೊರಡುವ ಕೆಲವು ದಿನ ಮುಂಚೆ ಪಕ್ಕದ ಸೀಟನ್ನು ಖಾಲಿ ಬಿಡಲು ಕಡಿಮೆ ಹಣಕ್ಕೆ ಅವಕಾಶ ಕೊಡುತ್ತವೆ, ಅದನ್ನೂ ವಿಚಾರಿಸಿ. ಕೊನೆಗೆ ನಿರ್ಗಮನ ದ್ವಾರದ ಸಿಬ್ಬಂದಿಯನ್ನು, ಸಾಲು ಬೆಳೆಯುವ ಮುಂಚೆ, ವಿಮಾನ ತುಂಬಿದೆಯೇ ಎಂದು ಮೆಲ್ಲಗೆ ಕೇಳಿ.

ಮರಳುವ ಪ್ರಯಾಣಕ್ಕೆ ಲೆಕ್ಕ ಬೇರೆ

ಹೋಗುವಾಗಿನ ತೀರ್ಮಾನವನ್ನೇ ಬರುವಾಗಿಗೂ ಹಚ್ಚಬೇಡಿ. ಮೂರು ತಿಂಗಳು ಅಲ್ಲಿದ್ದು ಬರುವಷ್ಟರಲ್ಲಿ ಮಗು ಓಡಲು ಕಲಿತಿರುತ್ತದೆ, ತೂಕವೂ ಏರಿರುತ್ತದೆ. ಹೋಗುವಾಗ ಜೊತೆಗಿದ್ದ ಗಂಡ ಕೆಲಸಕ್ಕಾಗಿ ಮೊದಲೇ ವಾಪಸಾಗಿರಬಹುದು, ಅಜ್ಜಿ ಅಲ್ಲೇ ಉಳಿದಿರಬಹುದು. ಕೈಗಳನ್ನು ಮತ್ತೆ ಎಣಿಸಿ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಅಲ್ಲಿನ ರಾತ್ರಿಗೆ ಒಗ್ಗಿದ ಮಗು ಮರಳುವಾಗ ಯಾವ ಹೊತ್ತಿಗೆ ಮಲಗುತ್ತದೆ ಎಂಬುದನ್ನು ಅಲ್ಲಿನ ಗಡಿಯಾರದಲ್ಲೇ ಬರೆದು ನೋಡಿ. ಮಡಿಲ ಟಿಕೆಟ್ಟನ್ನು ಸೀಟಿಗೆ ಬದಲಿಸುವುದಾದರೆ ಅಂದಿನ ದರವೇ ಬೀಳುತ್ತದೆ. ದಿನ ಹತ್ತಿರವಾದಷ್ಟೂ ಅದು ಏರುವುದೇ ಹೆಚ್ಚು, ಆದ್ದರಿಂದ ಹೊರಡುವ ದಿನ ಗೊತ್ತಾದ ವಾರದಲ್ಲೇ ಆ ಕರೆ ಮಾಡಿ.